ಎರವಲು ತಂದ ಕೈ

ನೆಂಟರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ ಬಚ್ಚಲುಮನೆಯ ಬಾಗಿಲು ತೆರೆದೇ ಇತ್ತು. ಆದರೂ ಅವಳು ಬಟ್ಟೆಗಳನ್ನು ಎದೆಗೆ ಅವುಚಿಕೊಂಡು ಹೊರಗೇ ನಿಂತಿದ್ದಳು, ಒಳಗಿರುವವರು ಬರಲಿ ಎಂದು ಕಾಯುವಂತೆ. ಅಂತ್ಯಕ್ರಿಯೆ ಮುಗಿದಂದಿನಿಂದ ಈ ಬಾಗಿಲೆದುರು ಯಾವಾಗಲೂ ಯಾರಾದರೊಬ್ಬರು ನಿಂತಿರುತ್ತಿದ್ದರು. ಅವಳನ್ನು ಕಂಡೊಡನೆ ಪಕ್ಕಕ್ಕೆ ಸರಿದು, ನೀನು ಹೋಗಮ್ಮ ಮೊದಲು, ಎನ್ನುತ್ತಿದ್ದರು. ಗಂಡ ಸತ್ತವಳಿಗೆ ಸಿಗುವ ಸೌಕರ್ಯಗಳಲ್ಲಿ ಇದೂ ಒಂದೆಂದು ಅವಳಿಗೆ ತಿಳಿದಿರಲಿಲ್ಲ. ಅಡುಗೆಮನೆಯಿಂದ ಅತ್ತೆ ಇಣುಕಿದರು. "ಅಲ್ಲೇ ಯಾಕೆ ನಿಂತೆ? ಒಳಗೆ ಜಾಗ ಇದೆ, ಮುಂದೆ ಹೋಗು." ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿ ಆಯುಸ್ಸು ಸವೆಸಿದ ಹೆಂಗಸು. ನಿವೃತ್ತಿಯಾದ ಮೇಲೂ ಅವರ ಪಾಲಿಗೆ ಮನೆಯೆಂದರೆ ಉದ್ದನೆಯದೊಂದು ಬಸ್ಸು. ಜನ ಬಾಗಿಲಲ್ಲೇ ಗುಂಪು ಕಟ್ಟುತ್ತಾರೆ, ಹಿಂದೆ ಖಾಲಿ ಬಿದ್ದಿರುತ್ತದೆ. ಮೊದಲಾದರೆ ಅವಳ ಗಂಡ ಬಚ್ಚಲೊಳಗಿಂದ, ಸ್ಟಾಪ್ ಬರ್ಲಿ ತಡಿಯಮ್ಮ, ಎಂದು ಕೂಗುತ್ತಿದ್ದ. ಆ ಉತ್ತರಕ್ಕೆ ಬೇಕಾದಷ್ಟು ಹೊತ್ತು ಇಬ್ಬರೂ ಸುಮ್ಮನಿದ್ದರು. ಆಮೇಲೆ ಅವಳು ಒಳಗೆ ಹೋಗಿ ಚಿಲಕ ಹಾಕಿಕೊಂಡಳು.

ನೀರು ಬಿಸಿಯಾಗಿತ್ತು. ಕೈ ಕೆಂಪಾದದ್ದು ಮೊದಲು ಕಣ್ಣಿಗೆ ಬಿತ್ತು, ಬಿಸಿ ತಿಳಿದದ್ದು ಆಮೇಲೆ. ಈಗೀಗ ಎಲ್ಲವೂ ಹೀಗೆಯೇ, ಎರಡು ಕಂತಿನಲ್ಲಿ ಬರುತ್ತಿತ್ತು. ಕೆಲವು ಸಲ ಎರಡನೆಯ ಕಂತು ಬರುತ್ತಲೇ ಇರಲಿಲ್ಲ. ಬಂದವರೆಲ್ಲ ಅವಳ ಕಣ್ಣನ್ನು ನೋಡಿದ್ದರು. ಅತ್ತು ಊದಿರಬೇಕಾದ ಕಣ್ಣು ನೆಟ್ಟಗೆ ಇರುವುದನ್ನು ಕಂಡು, ಪಾಪ, ಒಳಗೇ ಇಟ್ಕೊಂಡಿದಾಳೆ, ಎಂದಿದ್ದರು. ಒಳಗೆ ಇಟ್ಟುಕೊಂಡಿದ್ದೇನೆಯೇ ಎಂದು ಅವಳೂ ಹುಡುಕಿ ನೋಡಿದ್ದಳು. ಕೋಣೆಯ ದೀಪ ಹಾಕಿ ನೋಡಿದರೆ ಮೇಜು, ಕುರ್ಚಿ, ಗೋಡೆ. ಕಳ್ಳ ಹೊಕ್ಕಂತೆಯೂ ಇಲ್ಲ, ಏನೂ ಹೋದಂತೆಯೂ ಇಲ್ಲ. ಅವಳಿಗೇ ನಾಚಿಕೆಯಾಗಿತ್ತು. ಅಳದೆ ಇರುವುದಕ್ಕಲ್ಲ, ಅಳುವುದನ್ನು ತಡೆಹಿಡಿದಿರುವವಳ ಮರ್ಯಾದೆಯನ್ನು ಪುಕ್ಕಟೆಯಾಗಿ ಪಡೆಯುತ್ತಿರುವುದಕ್ಕೆ.

ಅಂತ್ಯಕ್ರಿಯೆಯ ದಿನವಿಡೀ ಅವಳ ಮೈ ತಾನಾಗಿ ಮಾಡಿದ್ದು ಒಂದೇ. ವಿದ್ಯುತ್ ಚಿತಾಗಾರದ ಕಬ್ಬಿಣದ ಬಾಗಿಲು ಕೆಳಗಿಳಿಯುವಾಗ ಅವಳ ಬಲಗೈ ಮೇಲೆದ್ದಿತು, ಎದೆಗೆ ಅಡ್ಡವಾಗಿ ಹಾದು ಎಡ ಹೆಗಲನ್ನು ಮುಟ್ಟಿತು. ಅಲ್ಲಿ ಇದ್ದಿರಬೇಕಾದ ಏನನ್ನೋ ಹಿಡಿಯುವಂತೆ ಬೆರಳು ಮಡಿಸಿಕೊಂಡವು. ಹಿಡಿಯಲು ಏನೂ ಇರಲಿಲ್ಲ; ಬೆರಳು ಬಿಚ್ಚಲೂ ಇಲ್ಲ. ಬಾಗಿಲು ಪೂರ್ತಿ ಇಳಿಯುವವರೆಗೆ ಅವಳು ಹಾಗೇ ನಿಂತಿದ್ದಳು. ಹಾಗೆ ನಿಂತದ್ದು ಅವಳಿಗೂ ತಿಳಿದಿರಲಿಲ್ಲ. ತಿಳಿದದ್ದು ಹೊರಗೆ, ಕೈ ತೊಳೆಯುವ ನಲ್ಲಿಯ ಹತ್ತಿರ, ಗಂಡನ ನಾಟಕ ತಂಡದ ಹುಡುಗ ಕಡ್ಡಿ ಬಂದು ಮೆಲ್ಲಗೆ ಹೇಳಿದಾಗ: "ಅತ್ತಿಗೆ, ನೀವು ಒಳಗೆ ಬೆಕ್ಕಣ್ಣನ್ನ ಮಾಡಿದ್ರಲ್ಲ, ನಮಗೆಲ್ಲ ಮೈ ಜುಂ ಅಂತು." ಬೆಕ್ಕಣ್ಣ ಅಂದರೆ ಅವನು, ಸದ್ದಿಲ್ಲದೆ ರಂಗದ ಮೇಲೆ ಬಂದು ನಿಲ್ಲುತ್ತಿದ್ದನೆಂದು ತಂಡದವರು ಇಟ್ಟ ಹೆಸರು. ಕಡ್ಡಿಯ ಕಣ್ಣು ಒದ್ದೆಯಾಗಿತ್ತು, ಮಾತಿನಲ್ಲಿ ಕುಹಕವಿರಲಿಲ್ಲ, ಅವನಿಗೆ ತಿಳಿದ ಅತಿ ದೊಡ್ಡ ಮೆಚ್ಚುಗೆ ಅದು. ಮಾಡಿದ್ರಲ್ಲ. ನಲ್ಲಿಯ ನೀರು ಅವಳ ಮಣಿಕಟ್ಟಿನಿಂದ ತೋಳಿನೊಳಕ್ಕೆ ಇಳಿಯುತ್ತಿತ್ತು. ಹೌದಲ್ಲ, ಅದು 'ಸರತಿ' ನಾಟಕದ ಕೈ. ಒಂದು ಕಚೇರಿಯ ಕಾಯುವ ಕೋಣೆ, ತನ್ನ ಹೆಸರು ಕರೆಯಲೆಂದು ಕೂತ ಒಬ್ಬ ಮನುಷ್ಯ, ಮಾತೇ ಇಲ್ಲ. ಕೊನೆಗೆ ಗುಮಾಸ್ತ ಹೊರಗೆ ಬಂದು ಬಾಗಿಲಿಗೆ ಬೀಗ ಹಾಕುತ್ತಾನೆ. ಆಗ ಆ ಮನುಷ್ಯ ಎದ್ದು ನಿಂತು ಹಾಗೆ ಕೈ ಎತ್ತುತ್ತಾನೆ. ಅಷ್ಟಕ್ಕೇ ಜನ ಉಸಿರು ಹಿಡಿಯುತ್ತಿದ್ದರು. ಎಷ್ಟೋ ಸಂಜೆ ಅವಳೂ ಹಿಂದಿನ ಬೆಂಚಿನಲ್ಲಿ ಕೂತು ಅದನ್ನು ನೋಡಿದ್ದಾಳೆ. ಹಾಗಾದರೆ ಅವನನ್ನು ಕಳಿಸಿಕೊಡುವ ಹೊತ್ತಿನಲ್ಲೂ ತನ್ನಿಂದ ಹೊರಟದ್ದು ತನ್ನದಲ್ಲ, ನೋಡಿ ಕಲಿತದ್ದು; ಅವನದೇ ನಟನೆಯನ್ನು ಅವನ ಹೆಣದ ಮುಂದೆ ಮಾಡಿ ತೋರಿಸಿ ಬಂದಿದ್ದಾಳೆ. ಅಥವಾ ಅದು ಮೊದಲಿನಿಂದಲೂ ತನ್ನದೇ ಆಗಿದ್ದು, ಅವನೇ ತನ್ನಿಂದ ಒಯ್ದಿದ್ದನೇ? ನಲ್ಲಿಯ ಹತ್ತಿರದಿಂದ ಈ ಬೆಳಗಿನವರೆಗೆ ಅವಳಿಗೆ ಬೇಕಾಗಿದ್ದ ಉತ್ತರ ಇದೊಂದೇ. ಬೇರೆ ಯಾವುದರ ಬಗ್ಗೆಯೂ ಕುತೂಹಲವಿರಲಿಲ್ಲ.

ಒಯ್ದಿದ್ದರೆ ಕೇಳಿ ಒಯ್ಯುತ್ತಿದ್ದ. ಅದು ಆ ತಂಡದ ಕಟ್ಟುನಿಟ್ಟು. ನಟ ತನ್ನ ಪಾತ್ರಕ್ಕೆ ಬದುಕಿರುವ ಯಾರಿಂದಲಾದರೂ ಒಂದೇ ಒಂದು ಸಂಗತಿ ತರಬೇಕು: ಒಂದು ಕೂರುವ ರೀತಿ, ಒಂದು ಕೆಮ್ಮು, ಚಹಾ ಆರಿಸುವ ಕ್ರಮ. ಅದಕ್ಕೆ ಅವರು ಎರವಲು ಎನ್ನುತ್ತಿದ್ದರು. ಕದಿಯುವ ಹಾಗಿಲ್ಲ, ಕದ್ದದ್ದು ಮುಖದಲ್ಲಿ ಗೊತ್ತಾಗುತ್ತದೆ ಎಂದು ತಂಡದ ನಿರ್ದೇಶಕ ಮೇಷ್ಟ್ರು ಹೇಳುತ್ತಿದ್ದರು. ನಿಮ್ಮದೊಂದು ತೆಗೆದುಕೊಳ್ಳುತ್ತೇನೆ ಎಂದು ಕೇಳಬೇಕು. ಏನು ಎಂದು ಹೇಳಬಾರದು, ಹೇಳಿದರೆ ಕೊಟ್ಟವರ ಮೈ ಬಿಗಿದುಕೊಳ್ಳುತ್ತದೆ. ನಾಟಕದ ಪ್ರದರ್ಶನಗಳೆಲ್ಲ ಮುಗಿದ ಮೇಲೆ ಅವರ ಮುಂದೆ ನಿಂತು ಅದನ್ನು ಒಮ್ಮೆ ಮಾಡಿ ತೋರಿಸಬೇಕು. ಅವರು "ಬಂತು" ಎನ್ನಬೇಕು. ಅಲ್ಲಿಗೆ ಅದು ಅವರದಾಯಿತು, ಮತ್ತೆಂದೂ ನಟ ಅದನ್ನು ಬಳಸುವಂತಿಲ್ಲ. ಒಮ್ಮೆ ಅವನು ಮಾಂಸದಂಗಡಿಯವನು ಕತ್ತಿ ಒರೆಸುವ ರೀತಿಯನ್ನು ತಂದಿದ್ದ. ವಾಪಸು ಕೊಡಲು ಹೋದಾಗ ಅಂಗಡಿಯವನು ಗಮನವಿಟ್ಟು ನೋಡಿ, ಇಟ್ಕೊಳ್ಳಿ ಸಾರ್, ನನ್ನ ಹತ್ರ ಇನ್ನೊಂದಿದೆ, ಎಂದಿದ್ದನಂತೆ. ಈ ಕೈಯನ್ನು ಮಾತ್ರ ಅವನು ಬೀರುವಿನ ಕನ್ನಡಿಯ ಮುಂದೆ ವಾರಗಟ್ಟಲೆ ತಿದ್ದಿದ. ಅವಳು ಹಾಸಿಗೆಯ ಮೇಲಿಂದ ನೋಡಿ ಹೇಳಬೇಕು. ಇದು ಚೆನ್ನಾಗಿದೆಯಾ, ಇದಾ? ಕಣ್ಣು ಪರೀಕ್ಷಿಸುವ ಅವಳ ಕಸುಬಿನ ಮಾತನ್ನೇ ಅವನು ಅಣಕಿಸುತ್ತಿದ್ದ. ಮೊದಲನೇದು, ಎನ್ನುತ್ತಿದ್ದಳು ಅವಳು, ನಿದ್ದೆಗಣ್ಣಿನಲ್ಲಿ. ಯಾರದು ಇದು, ಎಂದು ಒಮ್ಮೆ ಕೇಳಿದ್ದಳು. ಹೇಳೋ ಹಾಗಿಲ್ಲ. ನನ್ನದಾ? ಅವನು ಕನ್ನಡಿಯೊಳಗಿಂದಲೇ ನಕ್ಕಿದ್ದ. ನಿನ್ನ ಹತ್ರ ಏನಾದ್ರೂ ತಗೊಂಡು ದಕ್ಕಿಸ್ಕೊಳ್ಳೋಕಾಗುತ್ತಾ, ನೀನು ಕಣ್ಣು ನೋಡೋಳು. ಅದು ಹೌದೋ ಅಲ್ಲವೋ ಎಂದು ಅವಳು ಆಗ ಬಿಡಿಸಿ ಕೇಳಲಿಲ್ಲ.

"ಇವತ್ತೇ ಹೋಗ್ತೀಯಾ ಅಂಗಡಿಗೆ?" ಅತ್ತೆ ಕೇಳಿದರು.

"ಹೋಗ್ತೀನಿ ಅತ್ತೆ. ಮನೇಲಿ ಏನ್ಮಾಡ್ಲಿ."

"ಅದೂ ಸರೀನೇ. ಡ್ಯೂಟಿ ಇದ್ರೆ ಕಾಲು ಅದರ ಪಾಡಿಗೆ ನಡೆಯುತ್ತೆ." ಅವರು ಚಹಾದ ಲೋಟವನ್ನು ಅವಳ ಕಡೆಗೆ ತಳ್ಳಿದರು. ತಮ್ಮ ಲೋಟವನ್ನು ಮುಟ್ಟಲಿಲ್ಲ. "ಛತ್ರಿ ತಗೊಂಡು ಹೋಗು. ಮೋಡ ಇಲ್ಲ. ಸುಮ್ನೆ ತಗೊಂಡು ಹೋಗು."

ಕನ್ನಡಕದ ಅಂಗಡಿಯ ಯಜಮಾನರು ಅವಳನ್ನು ಕಂಡು ಗಲ್ಲಾಪೆಟ್ಟಿಗೆಯ ಹಿಂದಿನಿಂದ ಎದ್ದು ನಿಂತರು. ಅವಳಿಗಾಗಿ ಅವರು ಎಂದೂ ಎದ್ದವರಲ್ಲ. ಎದ್ದ ಮೇಲೆ ಏನು ಮಾಡಬೇಕೆಂದು ತಿಳಿಯದೆ ಗಾಜಿನ ಮೇಲಿನ ಧೂಳು ಒರೆಸಿದರು. "ಇಷ್ಟು ಬೇಗ ಯಾಕಮ್ಮ ಬರೋಕೆ ಹೋದೆ," ಎಂದು ಅವಳ ಕಣ್ಣನ್ನು ನೋಡಿದರು. ಇಲ್ಲಿಯೂ ಅದೇ. ಅವಳು ಹಿಂದಿನ ಕತ್ತಲೆ ಕೋಣೆಗೆ ಹೋಗಿ ಅಕ್ಷರಗಳ ಫಲಕದ ದೀಪ ಹಾಕಿದಳು. ಮಸೂರಗಳ ಪೆಟ್ಟಿಗೆ ತೆರೆದು ಒಂದೊಂದನ್ನೇ ಮೆತ್ತನೆಯ ಬಟ್ಟೆಯಿಂದ ಒರೆಸಿ ತೂತಿನಲ್ಲಿ ಕೂರಿಸಿದಳು. ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷ ಓದಿ ಅವಳು ಕಲಿತದ್ದು ಜನ ಏನನ್ನು ಕಾಣುತ್ತಾರೆಂಬುದನ್ನು ಅವರ ಬಾಯಿಂದಲೇ ಹೊರಡಿಸುವುದನ್ನು. ಅದು ಸುಲಭವಲ್ಲ. ಕಾಣದ ಸಾಲನ್ನು ಕಾಣುತ್ತದೆ ಎನ್ನುವವರೇ ಹೆಚ್ಚು. ಬಾಗಿಲಲ್ಲಿ ಕಾಯುವಾಗ ಹಿಂದಿನವರು ಓದಿದ್ದನ್ನು ಕೇಳಿ ಬಾಯಿಪಾಠ ಮಾಡಿಕೊಂಡು ಬರುತ್ತಾರೆ, ದೊಡ್ಡವರೂ. ಕಣ್ಣಿನ ಪರೀಕ್ಷೆಯಲ್ಲಿ ಫೇಲಾಗುವುದಕ್ಕೆ ಯಾರಿಗೂ ಇಷ್ಟವಿಲ್ಲ. ಅವಳು ಸಾಲನ್ನು ಹಿಂದುಮುಂದಾಗಿ ಓದಿಸಿ ಹಿಡಿಯುತ್ತಾಳೆ, ಬೈಯುವುದಿಲ್ಲ. ಆಸ್ಪತ್ರೆಯಲ್ಲಿ ಅವನು ಮಲಗಿದ್ದಾಗ ವೈದ್ಯರು ಹೊರಗೆ ಹೋದ ಸಮಯ ನೋಡಿ ಅವಳು ಅವನ ರೆಪ್ಪೆ ಎತ್ತಿ ಫೋನಿನ ಬೆಳಕು ಬಿಟ್ಟು ನೋಡಿದ್ದಳು. ಒಂದು ಪಾಪೆ ದೊಡ್ಡದಾಗಿತ್ತು, ಬೆಳಕಿಗೆ ಕುಗ್ಗಲಿಲ್ಲ. ಅವನು ಉಳಿಯುವುದಿಲ್ಲವೆಂಬ ಅದರ ಅರ್ಥ ಅವಳಿಗೆ ಪಾಠದಿಂದಲೇ ಗೊತ್ತಿತ್ತು. ಕೈ ಹಿಡಿಯಬೇಕಾದವಳು ಅಳತೆ ತೆಗೆದುಕೊಂಡಿದ್ದಳು. ಹೊರಗೆ ಅತ್ತೆ, ಕಣ್ಣು ಬಿಟ್ನಾ, ಎಂದು ಕೇಳಿದಾಗ, ಇಲ್ಲ, ಇನ್ನೂ ಇಲ್ಲ, ಎಂದಿದ್ದಳು. ಇನ್ನೂ ಎಂಬ ಆ ಮಾತನ್ನು ಯಾಕೆ ಸೇರಿಸಿದೆನೆಂದು ಅವಳಿಗೆ ಈಗಲೂ ತಿಳಿಯದು.

ಮಧ್ಯಾಹ್ನಕ್ಕೆ ಮುಂಚೆ ಮೇಷ್ಟ್ರು ಬಂದರು. ತಂಡ ಕಟ್ಟಿದವರು, ನಿರ್ದೇಶಕರು. ದೊಡ್ಡ ತಲೆ, ತೆಳ್ಳನೆಯ ಕುತ್ತಿಗೆ. ನಾಟಕದ ಮಂದಿಗೆಲ್ಲ ಅವರೆಂದರೆ ಹೆದರಿಕೆ. ಈ ಕತ್ತಲೆ ಕೋಣೆಯ ಬಾಗಿಲಲ್ಲಿ ಅವರು ಬೈಗುಳ ತಿಂದ ಹುಡುಗನ ಹಾಗೆ ನಿಂತರು.

"ಕಣ್ಣು ನೋಡಿಸ್ಕೊಳ್ಳೋಣ ಅಂತ ಬಂದೆ."

ಅದಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಆದರೂ ಅವಳು ಅವರನ್ನು ಕುರ್ಚಿಯಲ್ಲಿ ಕೂರಿಸಿ ಪರೀಕ್ಷೆಯ ಭಾರವಾದ ಚೌಕಟ್ಟನ್ನು ಮೂಗಿನ ಮೇಲೆ ಏರಿಸಿ, ಎಡಗಣ್ಣಿಗೆ ಕಪ್ಪು ಬಿಲ್ಲೆ ಹಾಕಿದಳು. "ಕೊನೇ ಸಾಲು ಓದಿ."

"ಸಾಲು ಎಲ್ಲಿದೆ?"

"ಅದರ ಮೇಲಿನದು."

"ಓ. ಅದನ್ನ ನಾನು ಇರುವೆ ಅಂದ್ಕೊಂಡಿದ್ದೆ."

ಅವಳು ಮಸೂರ ಬದಲಿಸಿದಳು. "ಇದು ಚೆನ್ನಾಗಿದೆಯಾ, ಇದಾ?"

"ಮೊದಲನೇದು. ಇಲ್ಲ, ಎರಡನೇದು. ನನ್ನ ಹುಡುಗರು ಹೀಗೆ ಉತ್ತರ ಕೊಟ್ರೆ ನಾನು ಬೈತೀನಿ."

"ಎಲ್ಲರೂ ಹೀಗೇ ಹೇಳೋದು ಮೇಷ್ಟ್ರೇ."

ಅವರು ಫಲಕದ ಕಡೆಗೇ ಮುಖ ಮಾಡಿ ಹೇಳಿದರು: "ಶನಿವಾರ 'ಸರತಿ' ಆಡೋಣ ಅಂತಿದ್ದೀವಿ. ಅವನಿಗೋಸ್ಕರ. ಕಡ್ಡಿ ಮಾಡ್ತಾನೆ. ಆದ್ರೆ ಆ ಕೈ ಇಲ್ದೆ ಆ ನಾಟಕ ಇಲ್ಲಮ್ಮ. ಎರವಲನ್ನ ಕೈಯಿಂದ ಕೈಗೆ ದಾಟಿಸೋ ಹಾಗಿಲ್ಲ. ಮೊದ್ಲು ಅದರ ಮನೆಗೆ ಅದು ಹೋಗ್ಬೇಕು, ಅವರು ಬಂತು ಅನ್ಬೇಕು, ಆಮೇಲೆ ಬೇಕಾದ್ರೆ ಹೊಸದಾಗಿ ಕೇಳ್ಬೇಕು. ನಾನೇ ಮಾಡಿಟ್ಟ ನಿಯಮ. ಈಗ ನನ್ನ ಕುತ್ತಿಗೆಗೇ ಬಂದಿದೆ."

"ಯಾರದು ಅಂತ ನಿಮಗೂ ಹೇಳಿರ್ಲಿಲ್ವಾ?"

"ಹತ್ತಿರದವರದು ಅಂದಿದ್ದ. ಅಷ್ಟೇ. ಅವತ್ತು ಅಲ್ಲಿ ನಿನ್ನನ್ನ ನೋಡಿದೆ. ಹುಡುಗರು ಏನೇನೋ ಅಂದ್ಕೊಂಡ್ರು. ನನಗೆ ಹಾಗನ್ನಿಸ್ಲಿಲ್ಲ. ಅದು ನೋಡಿ ಕಲಿತದ್ದಲ್ಲ." ಅವರು ಕತ್ತು ತಿರುಗಿಸಿದರು, ಒಂದು ಕಣ್ಣು ಕಪ್ಪು, ಒಂದು ಕಣ್ಣು ಮಸೂರದ ಹಿಂದೆ ಊದಿಕೊಂಡು ದೊಡ್ಡದಾಗಿ. "ಕೇಳ್ಬಾರದೇನೋ. ಅದು ನಿನ್ನದೇ ಅಲ್ವಾ?"

ಅವಳ ಕೈಯಲ್ಲಿ ಇನ್ನೊಂದು ಮಸೂರವಿತ್ತು, ಅಂಚಿನಲ್ಲಿ ಹಿಡಿದಿದ್ದಳು, ಬೆರಳಚ್ಚು ಬೀಳದ ಹಾಗೆ. ತನಗೆ ಬೇಕಾಗಿದ್ದ ಉತ್ತರವನ್ನು ಇನ್ನೊಬ್ಬರು ತಂದು ಕೈಯಲ್ಲಿ ಇಡುತ್ತಿದ್ದಾರೆ. ತೆಗೆದುಕೊಂಡರೆ ಮುಗಿಯಿತು: ಆ ಬಾಗಿಲೆದುರು ತಾನು ನಟಿಸಲಿಲ್ಲ, ತನ್ನ ದುಃಖ ತನ್ನದೇ ಕೈಯಿಂದ ಹೊರಬಂತು, ಅವನು ಅದನ್ನು ತನ್ನಿಂದ ಎಂದೋ ಪಡೆದು ಊರಿಗೆಲ್ಲ ತೋರಿಸಿದ್ದ. ಕೇಳಿಯೇ ಪಡೆದಿರಬೇಕು, ತನಗೆ ಮರೆತಿರಬೇಕು. ಒಮ್ಮೆ ತರಕಾರಿ ತರುವಾಗ, ನಿನ್ನದೊಂದು ತಗೋತೀನಿ, ಎಂದಿದ್ದನಲ್ಲ; ಚೀಲವೆಂದುಕೊಂಡು ಕೊಟ್ಟಿದ್ದಳು. ಅದೇ ಇರಬೇಕು.

"ಹೌದು," ಎಂದಳು. "ನನ್ನದೇ."

ಬಾಯಿಪಾಠ ಮಾಡಿಕೊಂಡು ಬಂದವರು ಓದುವ ರೀತಿಯಲ್ಲೇ ಅದು ಹೊರಟಿತ್ತು, ಒಂದಿಷ್ಟೂ ತಡವರಿಸದೆ. ಮೇಷ್ಟ್ರು ತಲೆಯಾಡಿಸಿದರು. ಕಪ್ಪು ಬಿಲ್ಲೆಯ ಕೆಳಗಿನಿಂದ ಒಂದು ಹನಿ ಇಳಿದು ಗಡ್ಡದೊಳಗೆ ಹೋಯಿತು. ಅವಳು ಕಾದಳು. ಒದ್ದೆ ಕಣ್ಣಿನ ಅಳತೆ ಸರಿಯಾಗಿ ಸಿಗುವುದಿಲ್ಲ.

ತಂಡದ ಜಾಗ ಹಿಂದೆ ಟೈರಿನ ಗೋದಾಮಾಗಿತ್ತು. ಗೋಡೆಗೆ ಸುಣ್ಣ ಬಳಿದು ದೀಪ ತೂಗಿಸಿದ್ದರೂ ರಬ್ಬರಿನ ವಾಸನೆ ಹೋಗಿರಲಿಲ್ಲ. ಅವನ ಅಂಗಿಗಳಿಗೂ ಅದು ಇರುತ್ತಿತ್ತು. ಕೈಯನ್ನು ವಾಪಸು ಪಡೆಯಲೆಂದು ಅದೇ ದಿನ ಅಂಗಡಿಯಿಂದ ಬೇಗ ಹೊರಟು ಅವಳು ಬಂದಾಗ ಕಡ್ಡಿ ಒಬ್ಬನೇ ನೆಲ ಗುಡಿಸುತ್ತಿದ್ದ. ಹೆಸರಿಗೆ ತಕ್ಕ ಮೈ, ಬಟ್ಟೆ ತೂಗುಹಾಕಿದಂತೆ ಕಾಣುತ್ತಿತ್ತು. ಪೊರಕೆ ಬದಿಗಿಟ್ಟು ಅವನು ಅವಳೆದುರು ಬಂದು ನಿಂತ.

"ಅತ್ತಿಗೆ, ಅವತ್ತು ನಲ್ಲಿ ಹತ್ರ ನಾನು ಹಾಗಂದಿದ್ದು ತಪ್ಪು. ನಿಮ್ಮದೇ ಅಂತ ಮೇಷ್ಟ್ರು ಹೇಳಿದ್ರು. ನಿಮ್ಮ ವಸ್ತು ನಿಮ್ಮ ಕೈಯಲ್ಲಿ ನೋಡಿ ಕದ್ದಿದ್ದೀರ ಅಂದ ಹಾಗಾಯ್ತು."

"ಇರ್ಲಿ ಬಿಡು."

"ಇಲ್ಲ ಅತ್ತಿಗೆ, ಕೇಳಿದಾಗಿಂದ ನನಗೆ ಸಮಾಧಾನಾನೇ ಇಲ್ಲ."

ಅವಳು ನೆಲ ನೋಡಿದಳು. ಸುಳ್ಳಿಗೆ ಕ್ಷಮೆ ಕೇಳಿಸಿಕೊಳ್ಳುವುದು ಇಷ್ಟು ಕಷ್ಟವೆಂದು ಗೊತ್ತಿದ್ದರೆ ಅಲ್ಲಿಂದಲೇ ಹಿಂದಿರುಗುತ್ತಿದ್ದಳು. ಅಷ್ಟರಲ್ಲಿ ಮೇಷ್ಟ್ರು ಎರಡು ಕುರ್ಚಿ ತಂದು ಹಾಕಿದರು, ಒಂದರಲ್ಲಿ ಅವಳನ್ನು ಕೂರಿಸಿ ಇನ್ನೊಂದರಲ್ಲಿ ತಾವು ಕೂತರು. ಸತ್ತವನ ಪರವಾಗಿ ಕಡ್ಡಿ ಕೈಯನ್ನು ಒಪ್ಪಿಸುತ್ತಾನೆ; ಅವಳು ಬಂತು ಎನ್ನಬೇಕು; ಆಮೇಲೆ ಅವನು ತನಗಾಗಿ ಕೇಳಬೇಕು. ಕಡ್ಡಿ ದೀಪದ ಕೆಳಗೆ ನಿಂತ. ಮುಖವನ್ನು ಖಾಲಿ ಮಾಡಿಕೊಂಡ. ಬಲಗೈ ಎದ್ದಿತು, ಎದೆಯನ್ನು ಹಾದಿತು, ಎಡ ಹೆಗಲ ಮೇಲೆ ಬೆರಳು ಮಡಿಸಿಕೊಂಡವು. ಬೆರಳುಗಳ ಕೋನ ಕೂಡ ಬೆಕ್ಕಣ್ಣನದೇ. ಆದರೆ ಏನೂ ಆಗಲಿಲ್ಲ.

"ಎದೆನೋವು ಬಂದೋನ ಥರ ಇದೆ," ಎಂದರು ಮೇಷ್ಟ್ರು.

"ಅದೇ ಸಾರ್. ಬೆಕ್ಕಣ್ಣ ಮಾಡಿದ್ರೆ ಯಾಕೆ ಹಾಗನ್ನಿಸ್ತಿರ್ಲಿಲ್ಲ? ಕೈ ಎಲ್ಲಾ ಸರಿಯಾಗೇ ಇದೆಯಲ್ಲ." ಅವನು ಮತ್ತೆ ಮಾಡಿದ. ಈಗ ಸೊಳ್ಳೆ ಹೊಡೆದುಕೊಂಡ ಹಾಗಿತ್ತು. ತನಗೇ ನಗು ಬಂದು ತಡೆದುಕೊಂಡ. "ಎಲ್ಲಿ ತಪ್ಪಿದೆ ಅತ್ತಿಗೆ? ನಿಮ್ಮದು, ನೀವೇ ಹೇಳ್ಬೇಕು. ಒಂದ್ಸಲ ಮಾಡಿ ತೋರಿಸ್ತೀರಾ?"

ಅವಳು ಎದ್ದು ದೀಪದ ಕೆಳಗೆ ಹೋದಳು. ಕೈ ಎತ್ತಿದಳು. ಅದು ಕೈ, ಅಷ್ಟೇ. ಮೊಣಕೈ, ಮಣಿಕಟ್ಟು, ಬೆರಳು, ಹೆಗಲು. ಅಂಗಡಿಯ ಮೇಲಟ್ಟದಿಂದ ಪೆಟ್ಟಿಗೆ ಇಳಿಸಲು ಎತ್ತುವ ಕೈ. ಇಬ್ಬರೂ ತನ್ನನ್ನೇ ನೋಡುತ್ತಿದ್ದಾರೆ, ಇಬ್ಬರೂ ಕಣ್ಣು ಪಳಗಿದವರು, ಇನ್ನೊಂದು ಗಳಿಗೆಯಲ್ಲಿ ಅವರಿಗೆ ತಿಳಿದುಬಿಡುತ್ತದೆ. ಕಿವಿ ಬಿಸಿಯಾಯಿತು. ಬೆಳಿಗ್ಗೆಯಿಂದ ಮೊದಲ ಸಲ ಬಿಸಿ ಕಾಣುವ ಮುಂಚೆಯೇ ತಿಳಿಯಿತು. "ಅವನ ಮಂಡಿ ಸ್ವಲ್ಪ ಬಗ್ತಿತ್ತು," ಎಂದರು ಮೇಷ್ಟ್ರು, ತಮ್ಮಷ್ಟಕ್ಕೆ. "ಕೈ ಏಳೋಕೆ ಮುಂಚೆ. ನೆಲ ಅಲ್ಲಾಡೋಕೆ ಶುರುವಾಗುತ್ತೆ ಅಂತ ಅವನಿಗೊಬ್ಬನಿಗೇ ಗೊತ್ತಿರೋ ಥರ. ನಾವೆಲ್ಲ ಕೈ ನೋಡ್ತಿದ್ವಿ. ಮೊದ್ಲು ಕಾಲು." ಅವಳು ತನ್ನ ಕಾಲುಗಳನ್ನು ನೋಡಿಕೊಂಡಳು. ಗೋದಾಮಿನ ನೆಲ ಆಸ್ಪತ್ರೆಯ ನೆಲದಂತೆ ಬೂದು ಬಣ್ಣದ್ದು. ಆಸ್ಪತ್ರೆಯ ಕಾರಿಡಾರಿನಲ್ಲೂ ಅವಳು ಹೀಗೇ ನೆಲ ನೋಡುತ್ತ ನಿಂತಿದ್ದಳು. ವೈದ್ಯರು ಹೇಳುತ್ತಿದ್ದುದನ್ನು ಅವಳು ಆಗಲೇ ಅಳೆದು ತಿಳಿದಿದ್ದಳು, ಅದಕ್ಕೇ ತಲೆಯೆತ್ತಿ ಅತ್ತೆಯ ಮುಖ ನೋಡುವ ಧೈರ್ಯ ಬಂದಿರಲಿಲ್ಲ. ಕಂಡದ್ದು ಅವರ ಪಾದ ಮಾತ್ರ. ಬಿಳಿಯ ಕ್ಯಾನ್ವಾಸ್ ಬೂಟು, ಒಂದರ ದಾರ ಸಡಿಲ. ವೈದ್ಯರು ಬಾಯಿ ತೆರೆಯುವುದಕ್ಕೂ ಮುಂಚೆ ಆ ಪಾದಗಳು ಅಗಲವಾಗಿದ್ದವು, ಒಂದು ಮುಂದೆ ಸರಿದು ಓರೆಯಾಗಿ ನೆಲ ಕಚ್ಚಿತ್ತು, ಹಿಂದಿನದರ ಹಿಮ್ಮಡಿ ತುಸು ಎದ್ದಿತ್ತು. ಯಾಕೆ ಹೀಗೆ ನಿಂತಿದ್ದಾರೆ ಎಂದು ಅವಳು ಆಗ ಕೇಳಿಕೊಂಡಿರಲೂ ಇಲ್ಲ. ತುಂಬಿದ ಬಸ್ಸಿನಲ್ಲಿ, ಡ್ರೈವರಿನ ಬೆನ್ನು ನೋಡಿಯೇ ಬ್ರೇಕು ಬೀಳುತ್ತದೆಂದು ತಿಳಿದು, ಕೈಯಲ್ಲಿ ಟಿಕೆಟ್ಟು ಚಿಲ್ಲರೆ ಇರುವುದರಿಂದ ಮೇಲಿನ ಕಂಬಿ ಹಿಡಿಯಲಾಗದ ಕಂಡಕ್ಟರುಗಳು ಹಾಗೆ ನಿಲ್ಲುತ್ತಾರೆ. ಹಿಡಿಯುವುದಕ್ಕೆ ಇರುವುದೊಂದೇ, ಹೆಗಲಿನಿಂದ ಇಳಿಬಿದ್ದ ಚೀಲದ ಪಟ್ಟಿ. ಅವಳು ತಲೆ ಎತ್ತಿರಲಿಲ್ಲ. ಆದರೆ ಆಗ ಅತ್ತೆಯ ಬಲಗೈ ಎಲ್ಲಿತ್ತೆಂದು ಈಗ ಅವಳಿಗೆ ಗೊತ್ತಿತ್ತು.

ಅವಳು ಕೈ ಇಳಿಸಿದಳು. "ಇದು ನನ್ನದಲ್ಲ ಮೇಷ್ಟ್ರೇ."

ಕಡ್ಡಿ ಮೇಷ್ಟ್ರ ಕಡೆ ನೋಡಿದ.

"ಮತ್ತೆ ಹೌದು ಅಂದೆಯಲ್ಲಮ್ಮ."

"ಆಗಿದ್ರೆ ಚೆನ್ನಾಗಿತ್ತು ಅನ್ನಿಸ್ತು. ಅದಕ್ಕೆ ಅಂದೆ."

ಮೇಷ್ಟ್ರು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತೇನೋ. ಅವರು ಎದ್ದು, ತಾವು ಕೂತಿದ್ದ ಕುರ್ಚಿಯನ್ನು ಮಡಚಿ, ಗೋಡೆಗೆ ಒರಗಿಸಿದರು. "ಯಾರದು ಅಂತ ಗೊತ್ತಾಯ್ತಾ ಈಗ?"

"ಗೊತ್ತಾಯ್ತು."

"ಹಾಗಾದ್ರೆ ಕೊಟ್ಟು ಬಾ. ಶನಿವಾರದ್ದು ಆಮೇಲೆ ನೋಡೋಣ."

"ನಾನು ಬರ್ಲಾ ಅತ್ತಿಗೆ?" ಎಂದ ಕಡ್ಡಿ. "ಕೈ ಹೇಗಿದ್ರೂ ನನ್ನದು ಪರವಾಗಿಲ್ಲ. ಕಾಲು ನೀವು ನೋಡ್ಕೊಳ್ಳಿ."

ಆ ಮಾತಿಗೆ ಅವಳು ನಕ್ಕಳು, ಬಾಯಿ ಮುಚ್ಚಿಕೊಂಡು. "ಬೇಡ," ಎಂದಳು. "ನಾನೇ ಕೊಡ್ತೀನಿ."

ಮನೆ ಸೇರುವಾಗ ಇನ್ನೂ ಬೆಳಕಿತ್ತು. ಅತ್ತೆ ಊಟದ ಮೇಜಿನ ಮೇಲೆ ಹಳೆಯ ಪೇಪರ್ ಹರಡಿ ಬಟಾಣಿ ಸುಲಿಯುತ್ತಿದ್ದರು. ಮೂವರಿಗಾಗುವಷ್ಟು ಸುಲಿದು, ಒಂದು ಪಾಲು ಬದಿಗೆ ಸರಿಸಿ, ಸರಿಸಿದ್ದನ್ನೇ ನೋಡುತ್ತ ಕೂತಿದ್ದರೆಂದು ಕಾಣುತ್ತದೆ. ಅವಳು ಎದುರಿಗೆ ಕೂತು ಒಂದು ಕಾಯಿ ಎತ್ತಿಕೊಂಡಳು. ಹೇಗೆ ಶುರು ಮಾಡಬೇಕೆಂದು ತಿಳಿಯಲಿಲ್ಲ. ಅವನ ವಿಷಯ ಅತ್ತೆಯ ಮುಂದೆ ಆಡುವಾಗ ಅವರು, ಇವರು ಎನ್ನುತ್ತಿದ್ದಳು. ಅವನು ಎನ್ನುವುದು ಮನಸ್ಸಿನಲ್ಲಿ, ನೀನು ಎನ್ನುವುದು ಕೋಣೆಯಲ್ಲಿ.

"ಅತ್ತೆ, ಇವರು ನಿಮ್ಮ ಹತ್ರ ಏನಾದ್ರೂ ಕೇಳಿ ತಗೊಂಡಿದ್ರಾ? ವಾಪಸ್ ಕೊಡ್ತೀನಿ ಅಂತ?"

ಅತ್ತೆಯ ಹೆಬ್ಬೆರಳು ಸಿಪ್ಪೆಯೊಳಗೆ ನಿಂತಿತು. "ನಿನಗೆ ಹೇಳಿದ್ನಾ? ತಗೊಂಡಿದ್ದ. ಅಮ್ಮಾ, ನಿನ್ನದೊಂದು ತಗೋತೀನಿ, ಆಮೇಲೆ ಕೊಡ್ತೀನಿ ಅಂದ. ತಗೋ ಅಂದೆ. ಏನು ಅಂತ ಕೇಳಿದ್ರೆ ಹೇಳೋ ಹಾಗಿಲ್ವಂತೆ. ಅವನು ಅತ್ಲಾಗೆ ಹೋಗಿದ್ದೇ ತಡ, ನಾನು ಬೀರು ತೆಗೆದು ನೋಡಿದೆ. ಸರ ಇತ್ತು, ಬಳೆ ಇತ್ತು. ಸ್ವೆಟರೂ ಇತ್ತು. ಏನು ಹೋಗಿದೆ ಅಂತಾನೇ ಗೊತ್ತಾಗ್ಲಿಲ್ಲ. ಎಷ್ಟು ದಿನ ಹುಡುಕಿದೀನಿ ಗೊತ್ತಾ, ಕಳ್ಳ ನನ್ ಮಗ."

"ಅದು ನನ್ನ ಹತ್ರ ಇದೆ. ವಾಪಸ್ ಕೊಡ್ತೀನಿ."

"ಇರ್ಲಿ ಬಿಡು. ಅವನೇ ಇಲ್ಲ, ಅದನ್ನ ಕಟ್ಕೊಂಡು ಏನ್ಮಾಡ್ಲಿ. ನೀನೇ ಇಟ್ಕೋ."

"ಇಟ್ಕೊಳ್ಳೋ ಹಾಗಿಲ್ಲ ಅತ್ತೆ." ಅವಳು ಎದ್ದು ನಿಂತಳು. ಮೇಜಿಗೂ ಕಿಟಕಿಗೂ ನಡುವೆ ಜಾಗವಿತ್ತು, ಅಲ್ಲಿಗೆ ಹೋದಳು. "ನಾನು ಕೊಡ್ತೀನಿ. ಬಂದಿದೆ ಅನ್ನಿಸಿದ್ರೆ ಬಂತು ಅನ್ನಿ. ಅನ್ನಿಸದಿದ್ರೆ ಅನ್ಬೇಡಿ."

ಅತ್ತೆ ಅವಳ ಖಾಲಿ ಕೈಗಳನ್ನು ನೋಡಿದರು, ಆಮೇಲೆ ಮುಖವನ್ನು. ಹುಡುಗಿಗೆ ತಲೆ ಕೆಟ್ಟಿತೇ ಎಂಬ ಅನುಮಾನ ಅವರ ಹುಬ್ಬಿನಲ್ಲಿ ಕಂಡಿತು. ಅವಳು ಕೈ ಎತ್ತಿದಳು, ಹೆಗಲು ಮುಟ್ಟಿದಳು, ಬೆರಳು ಮಡಿಸಿದಳು. ಅತ್ತೆ ಒಂದು ಕ್ಷಣ ನೋಡಿ, ಪೇಪರಿನ ಮೇಲೆ ಉದುರಿದ ಕಾಳನ್ನು ಹೆಕ್ಕಿಕೊಂಡರು.

"ಬಸ್ಸು ನಿಂತಿದೆ ಕಣೆ," ಎಂದರು. "ನಿಂತಿರೋ ಬಸ್ಸಲ್ಲಿ ಯಾರಾದ್ರೂ ಚೀಲ ಹಾಗೆ ಹಿಡ್ಕೋತಾರಾ? ಮೊದ್ಲು ಹೊರಡ್ಲಿ."

ಹೇಳಿ ಮುಗಿದ ಮೇಲೆ ತಾವು ಹೇಳಿದ್ದು ಅವರ ಕಿವಿಗೆ ಬಿದ್ದಿರಬೇಕು. ಹೆಕ್ಕಿದ ಕಾಳು ಅಂಗೈಯಲ್ಲೇ ಉಳಿಯಿತು.

"ಇದನ್ನಾ ಅವನು ತಗೊಂಡಿದ್ದು?"

"ಹೂಂ."

"ಇದನ್ನ ಅಲ್ಲಿ ಎಲ್ಲರೆದುರಿಗೆ ಮಾಡ್ತಿದ್ನಾ? ಜನ ಟಿಕೆಟ್ ತಗೊಂಡು ಬಂದು ಇದನ್ನ ನೋಡ್ತಿದ್ರಾ?"

"ಇದನ್ನೇ ಅತ್ತೆ. ಇದಾದ ಮೇಲೆ ಯಾರೂ ಸ್ವಲ್ಪ ಹೊತ್ತು ಏಳ್ತಾನೇ ಇರ್ಲಿಲ್ಲ."

ಮಾತಿಲ್ಲದ ನಾಟಕಕ್ಕೆ ಹೋಗಿ ಏನು ಕೇಳಿಸ್ಕೊಳ್ಳೋದು ಎಂದು ಅತ್ತೆ ಒಮ್ಮೆಯೂ ಗೋದಾಮಿಗೆ ಬಂದವರಲ್ಲ. ಈಗ ಅವರು ಕುರ್ಚಿಯನ್ನು ತಿರುಗಿಸಿ ಅವಳಿಗೆ ನೇರವಾಗಿ ಕೂತರು, ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು, ಮುಂದಿನ ಸಾಲಿನಲ್ಲಿ ಕೂತವರ ಹಾಗೆ. "ಮಾಡು," ಎಂದರು. "ಅವನು ಮಾಡ್ತಿದ್ದ ಹಾಗೆ ಮಾಡು. ನಾನು ನೋಡ್ಬೇಕು."

ಅವಳು ಪಾದಗಳನ್ನು ಅಗಲಿಸಿದಳು. ಒಂದನ್ನು ಮುಂದಿಟ್ಟು ಓರೆ ಮಾಡಿದಳು. ಕಾದಳು. ಕಿಟಕಿಯಾಚೆ ಯಾರೋ ಚಾಪೆ ಕೊಡವುತ್ತಿದ್ದರು. ಎಲ್ಲೋ ಮುಂದೆ, ಕಾಣದ ಕಡೆ, ಒಬ್ಬ ಡ್ರೈವರಿನ ಬೆನ್ನು ಬಿಗಿಯಾಯಿತು; ಮಂಡಿಗೆ ಅದು ಮೊದಲು ತಿಳಿಯಿತು, ನೆಲ ತುಸು ಮುಂದಕ್ಕೆ ಜಾರಿತು, ಕೈ ತಾನೇ ಎದ್ದು ಹೋಗಿ ಹೆಗಲಿನಲ್ಲಿ ಇಲ್ಲದ ಪಟ್ಟಿಯನ್ನು ಹಿಡಿಯಿತು. ಅವಳು ಬೀಳಲಿಲ್ಲ. ಅತ್ತೆಯ ಕಣ್ಣುಗಳನ್ನು ನೋಡಿದಳು, ಆಸ್ಪತ್ರೆಯಲ್ಲಿ ನೋಡಲಾಗದೆ ಹೋದವನ್ನು. ಅವರು ತನ್ನನ್ನು ನೋಡುತ್ತಿರಲಿಲ್ಲ, ತನ್ನ ಮೇಲೆ ಇನ್ನೊಬ್ಬನನ್ನು ನೋಡುತ್ತಿದ್ದರು. ಅವಳು ಕೈ ತೆಗೆಯದೆ ಹಾಗೇ ನಿಂತಳು.

"ಬಂತು," ಎಂದರು ಅತ್ತೆ.

ಕಡ್ಡಿ ಎಂಬ ಹುಡುಗ ಇದನ್ನು ಶನಿವಾರಕ್ಕೆ ಕೇಳುತ್ತಿದ್ದಾನೆ, ಎಂದು ಅವಳು ಹೇಳಿದಳು. ಹೇಳಲೇಬೇಕಿತ್ತು. ಅತ್ತೆ ತಲೆಯಲ್ಲಾಡಿಸಿದರು.

"ಈಗ ಕೊಡಲ್ಲ. ಸ್ವಲ್ಪ ದಿನ ನನ್ನ ಹತ್ರ ಇರ್ಲಿ."

ಅವಳು ಬೆರಳು ಬಿಚ್ಚಿದಳು. ಕೈಯನ್ನು ಹೆಗಲಿನಿಂದ ಇಳಿಸಿದಳು. ವಾಪಸು ಕೊಟ್ಟ ಮೇಲೆ ಇನ್ನು ಅದನ್ನು ಹೆಗಲಿಗೆ ಒಯ್ಯುವಂತಿರಲಿಲ್ಲ, ಇಡುವುದಕ್ಕೆ ಬೇರೆ ಜಾಗವೂ ತೋಚಲಿಲ್ಲ. ಪಕ್ಕದಲ್ಲಿ ಅದು ಸುಮ್ಮನೆ ಇಳಿಬಿದ್ದಿತ್ತು, ತುಂಬ ಭಾರವಾಗಿ.